ಫಕ್ಕೀರವ್ವ ಕೆಮ್ಮಿ ಗೆದ್ದ ಕೆರೆ ವ್ಯಾಜ್ಯ

ಬಹಳ ಹಿಂದೆ, ಅಂದರೆ ಯಾರೂ ನನ್ನ ಮೇಲೆ ಮಾನನಷ್ಟ ಮೊಕದ್ದಮೆ ಹೂಡಲಾರದಷ್ಟು ಹಿಂದೆ, ಸಮಪಾಲಪುರಿ ಎಂಬ ರಾಜ್ಯವಿತ್ತು. ಹೆಸರಿನಲ್ಲೇ ಸಮಪಾಲು ಇದ್ದುದರಿಂದ ಅದನ್ನು ಬೇರೆಲ್ಲೂ ಇಡುವ ಅಗತ್ಯ ಬಿದ್ದಿರಲಿಲ್ಲ. ಕೋಟೆಯೊಳಗೆ ಬೆಳ್ಳಗಿನ ಕುಲೀನರಿದ್ದರು. ಕೋಟೆಯಾಚೆ ಎರೆನಾಡಿನಲ್ಲಿ ಅಲ್ಲಿನ ಮಣ್ಣಿನಷ್ಟೇ ಕಪ್ಪಾದ ಜನರಿದ್ದರು. ವಕೀಲರೆಲ್ಲ ಕೋಟೆಯವರು, ಕಟಕಟೆಯಲ್ಲಿ ನಿಲ್ಲುವವರೆಲ್ಲ ಎರೆನಾಡಿನವರು. ನ್ಯಾಯಾಲಯದಲ್ಲಿ ಇಬ್ಬರಿಗೂ ಜಾಗವಿದೆಯಲ್ಲ ಎಂದು ಆಸ್ಥಾನ ನೆಮ್ಮದಿಯಾಗಿತ್ತು.

ಆ ನ್ಯಾಯಾಲಯದಲ್ಲೊಂದು ಘನವಾದ ಸಂಪ್ರದಾಯ. ವಾದಕ್ಕೆ ಮುಂಚೆ ವಕೀಲರು ಕೆಮ್ಮಬೇಕು. ಕೆಮ್ಮು ಅಪ್ಪನಿಂದ ಮಗನಿಗೆ ಬರುವ ಆಸ್ತಿ. ನ್ಯಾಯಾಧೀಶ ಸಮಾಧಿಶೇಖರರು ನ್ಯಾಯಕ್ಕೆ ಕಣ್ಣಿಲ್ಲವೆಂದು ಯಾರೋ ಅಂದದ್ದನ್ನು ಕೇಳಿ, ಪೀಠಕ್ಕೇರಿದ ದಿನವೇ ಕಣ್ಣು ಮುಚ್ಚಿದ್ದರು. ಯಾರ ಕೆಮ್ಮೆಂದು ಗುರುತು ಹಿಡಿದರೆ ವಾದ ಆಲಿಸುವರು. ಕೆಮ್ಮು ಅಪರಿಚಿತವಾದರೆ ಅದನ್ನು ನೆಗಡಿಯೆಂದು ತಿಳಿಯುವರು.

ಹೀಗಿರಲು ಪರದೇಶದ ರಾಯಭಾರಿಯೊಬ್ಬ ಊಟದ ನಡುವೆ, "ಪ್ರಭು, ತಮ್ಮ ವಕೀಲರಲ್ಲಿ ಕಪ್ಪುಜನ ಒಬ್ಬರೂ ಇಲ್ಲವೇ?" ಎಂದುಬಿಟ್ಟ. ಸರ್ವಸಮವರ್ಮ ಮಹಾರಾಜರಿಗೆ ಹೋಳಿಗೆ ಗಂಟಲಲ್ಲಿ ನಿಂತಿತು.

ಪ್ರಾತಿನಿಧ್ಯ ಮಂತ್ರಿ ಬಣ್ಣಯ್ಯನವರು ಮೂರು ಬಾರಿ ನಮಸ್ಕರಿಸಿ, "ಮಹಾಪ್ರಭು, ಸಂಬಳಸಹಿತ ಇಂಟರ್ನ್‌ಶಿಪ್ ಕೊಡೋಣ. ಇನ್‌ಕ್ಲೂಸಿವ್ ಆಗಿಯೂ ಇರುತ್ತದೆ, ಫೋಟೋಜೆನಿಕ್ ಆಗಿಯೂ ಇರುತ್ತದೆ" ಎಂದರು.

"ಅವರೇನು ಮಾಡಬೇಕು?"

"ಕಾಣಿಸಬೇಕು, ಪ್ರಭು."

"ಆಹಾ! ಕಾಣಿಸಲಿ!" ಎಂದು ಮಹಾರಾಜರು ಅಪ್ಪಣೆ ಕೊಡಿಸಿದರು.

ಡಂಗುರ ಕೇಳಿ ಕೋಟೆಗೆ ಬಂದವಳು ಎರೆನಾಡಿನ ಕರಿಗಟ್ಟೆ ಎಂಬ ಊರಿನ ಫಕ್ಕೀರವ್ವ. ಸಂಬಳಕ್ಕೆ ಅವಳು ಬಂದಿರಲಿಲ್ಲ, ಬಂದದ್ದು ಕೆರೆಗಾಗಿ. ಅವಳೂರ ಒಂದೇ ಒಂದು ಕೆರೆಗೆ ಕೋಟೆಯ ಸರದಾರನೊಬ್ಬ ತನ್ನ ಬಾತುಕೋಳಿಗಳ ಜಲಕ್ರೀಡೆಗೆಂದು ಬೇಲಿ ಹಾಕಿಸಿದ್ದ. ಊರ ಪರವಾಗಿ ಕೆಮ್ಮಲು ಒಬ್ಬ ವಕೀಲನೂ ಒಪ್ಪಲಿಲ್ಲ. ಒಬ್ಬನು ಆ ಸರದಾರನ ಸೋದರಮಾವ, ಇನ್ನೊಬ್ಬನು ಷಡ್ಡಕ, ಉಳಿದವರು ಅವನ ಮನೆಯ ಊಟದವರು. ನಾನೇ ವಕೀಲಳಾಗಿ ನಿಲ್ಲುತ್ತೇನೆ ಎಂದು ಹಟ ತೊಟ್ಟು ಬಂದವಳನ್ನು ಸರ್ಕಾರ ಹುಡುಕಿ ಹುಡುಕಿ ಸರದಾರನ ವಕೀಲ ಕಂಠಾಭರಣರಾಯರ ಚೇಂಬರಿಗೇ ಹಾಕಿತು.

ಮೊದಲ ದಿನ ಅವಳಿಗೆ ಕರಿ ನಿಲುವಂಗಿ ತೊಡಿಸಿ ಚಿತ್ರ ಬರೆಸಿದರು. ಎರಡನೆಯ ದಿನ ಕೈಗೆ ಉಗುಳುವ ಪೀಕದಾನಿ ಕೊಟ್ಟರು. ರಾಯರು ಕೆಮ್ಮಿದಾಗಲೆಲ್ಲ ಅದನ್ನು ಹಿಡಿಯುವುದೇ ಇಂಟರ್ನ್‌ಶಿಪ್ಪು. ಅದರ ಹೆಸರು ಕೋರ್ಟ್ ಎಕ್ಸ್‌ಪೋಷರ್.

"ಸಾಹೇಬ್ರ, ಹಿಡಿಯೂದು ಹಿಡಿತೀನ್ರಿ. ವಾದ ಮಾಡೂದು ಯಾವಾಗ ಕಲಸ್ತೀರಿ?" ಎಂದು ಫಕ್ಕೀರವ್ವ ಕೇಳಿದಳು.

"ನೋಡಮ್ಮ, ನೀನಿಲ್ಲಿ ಇರುವುದೇ ದೊಡ್ಡ ಸಾಧನೆ. ಮಾತಾಡಿ ಅದನ್ನೇಕೆ ಚಿಕ್ಕದು ಮಾಡಿಕೊಳ್ತೀಯ?" ಎಂದರು ರಾಯರು, ತಂದೆಯ ವಾತ್ಸಲ್ಯದಿಂದ.

ಅವಳೇನು ಸುಮ್ಮನೆ ಕೂರುವವಳಲ್ಲ. ಒಂದು ಕೈಯಲ್ಲಿ ಪೀಕದಾನಿ, ಇನ್ನೊಂದರಲ್ಲಿ ಚೇಂಬರಿನ ಧೂಳು ಹಿಡಿದ ಪುಸ್ತಕ ಹಿಡಿದೇ ಕಾಯಿದೆ ಕಲಿತಳು. ಯಾವ ವಾದಕ್ಕೆ ಯಾವ ಪ್ರತಿವಾದ ಎನ್ನುವುದೆಲ್ಲ ಅವಳಿಗೆ ಬಾಯಿಪಾಠವಾಯಿತು. ರಾಯರಿಗೆ ಅವೆಲ್ಲ ಗೊತ್ತಿರಲಿಲ್ಲ, ಕೆಮ್ಮೊಂದೇ ಸಾಕಾಗುತ್ತಿತ್ತು.

ಕೆರೆಯ ವಿಚಾರಣೆಯ ದಿನ ಬಂತು. ಕರಿಗಟ್ಟೆಯ ಜನ ಖಾಲಿ ಕೊಡಗಳ ಸಮೇತ ಬಂದು ಬಾಗಿಲಲ್ಲಿ ಕೂತಿದ್ದರು. ಫಕ್ಕೀರವ್ವ ಪೀಕದಾನಿ ನೆಲಕ್ಕಿಟ್ಟು ಊರವರ ಪರ ಎದ್ದು ನಿಂತಳು. ತನ್ನದೇ ಗಂಟಲಲ್ಲಿ ಒಂದು ಸಾದಾ ಕೆಮ್ಮು ಕೆಮ್ಮಿದಳು.

"ಯಾರಿಗೋ ನೆಗಡಿ. ಆಚೆ ಕಳುಹಿಸಿ" ಎಂದರು ಸಮಾಧಿಶೇಖರರು.

ಪಹರೆಯವರು ಹತ್ತಿರ ಬಂದರು. ಬಾಗಿಲಲ್ಲಿ ಖಾಲಿ ಕೊಡ ಹಿಡಿದು ಕೂತಿದ್ದ ಅವ್ವ ಫಕ್ಕೀರವ್ವನ ಕಣ್ಣಿಗೆ ಬಿದ್ದಳು. ಕೆರೆ ಇನ್ನೇನು ಕೈಬಿಟ್ಟೇ ಹೋಗುತ್ತಿತ್ತು. ಬೇರೆ ದಾರಿ ಕಾಣದೆ, ದಿನಾ ಕೇಳಿ ಕೇಳಿ ಕಿವಿಗಂಟಿದ್ದ ರಾಯರ ಕೆಮ್ಮನ್ನೇ ಕೆಮ್ಮಿದಳು. ಎರಡು ಗಿಡ್ಡ, ಒಂದು ಉದ್ದ, ಕೊನೆಗೆ ಗಾಣ ಕಿರುಗುಟ್ಟಿದಂತೆ ಒಂದು ಎಳೆತ.

ಸಮಾಧಿಶೇಖರರ ಮುಖ ಅರಳಿತು. "ನಮ್ಮ ಕಂಠಾಭರಣರಾಯರು! ಅಪ್ಪಣೆಯಾಗಲಿ."

ಫಕ್ಕೀರವ್ವ ಶುರುಮಾಡಿದಳು. "ಕೆರಿ ತೂಬು ಯಾವ ಕಡಿ ಮುಖ ಮಾಡೇತ್ರಿ? ನಮ್ಮೂರ ಹೊಲದ ಕಡಿ. ಬಾತುಕೋಳಿಗೆ ತೂಬು ಯಾಕ ಬೇಕ್ರಿ? ಏರಿ ಕಟ್ಟಿದವರು ನಮ್ಮ ಮುತ್ತಜ್ಜಿಗೋಳು. ಹೂಳು ಎತ್ತಿದವರು ನಾವು. ಸರದಾರ್ರು ಎತ್ತಿದ್ದು ಬೇಲಿ ಒಂದ!" ಅದರ ಬೆನ್ನಿಗೇ ಕಾಯಿದೆಗಳನ್ನು ಒಂದೊಂದಾಗಿ ಪೋಣಿಸಿದಳು. ರಾಯರು ಒಳ್ಳೆಯ ಅನುಭವಿ. ಅದೇ ಕೆಮ್ಮು ಇನ್ನೊಮ್ಮೆ ಕೇಳಿಸಿ ಗುಟ್ಟು ರಟ್ಟಾಗದಿರಲೆಂದು ತಮ್ಮ ಗಂಟಲನ್ನು ಒತ್ತಿ ಹಿಡಿದು ಕೂತರು.

ನ್ಯಾಯಾಧೀಶರಿಗೆ ಮುಚ್ಚಿದ ಕಣ್ಣಲ್ಲೇ ನೀರು ಬಂತು. "ಇಂಥ ವಾದವನ್ನು ನಾವು ಹಿಂದೆಂದೂ ಕೇಳಿಲ್ಲ! ಪೂರ್ತಿ ಒಪ್ಪಿದ್ದೇವೆ. ಆದ್ದರಿಂದ ಕೆರೆಯು ಕಂಠಾಭರಣರಾಯರ ಕಕ್ಷಿದಾರನಿಗೆ ಸೇರತಕ್ಕದ್ದು."

"ಅಯ್ಯೋ ದ್ಯಾವ್ರ! ಮಾತು ನಂದ್ರಿ! ತೀರ್ಪು ನಮ್ಮೂರಿಗೆ ಬರಬೇಕ್ರಿ!" ಎಂದು ಫಕ್ಕೀರವ್ವ ಕೂಗಿಕೊಂಡಳು.

"ಈ ನೆಗಡಿಯವರನ್ನು ಇನ್ನೂ ಕಳುಹಿಸಿಲ್ಲವೇ?" ಎಂದರು ನ್ಯಾಯಾಧೀಶರು.

ಸುದ್ದಿ ಅರಮನೆ ಮುಟ್ಟಿತು. ಎರೆನಾಡಿನ ಇಂಟರ್ನ್ ಮೊದಲ ವಾದದಲ್ಲೇ ಗೆದ್ದಳು! ಯಾರ ಪರ ಎಂಬ ಚಿಲ್ಲರೆ ವಿವರವನ್ನು ಬಣ್ಣಯ್ಯನವರು ವರದಿಯಲ್ಲಿ ಸೇರಿಸಲಿಲ್ಲ. ಮಹಾರಾಜರು ಶಾಲು ಹೊದಿಸಿ ಪೇಟ ತೊಡಿಸಿದರು.

"ಪ್ರಭು, ನಮ್ಮ ಕೆರಿ ಹೋತ್ರಿ" ಎಂದು ಫಕ್ಕೀರವ್ವ ಅತ್ತಳು.

"ಆನಂದಬಾಷ್ಪ!" ಎಂದು ಬಣ್ಣಯ್ಯನವರು ಸಭೆಗೆ ವಿವರಿಸಿದರು. ಸಭೆ ಚಪ್ಪಾಳೆ ತಟ್ಟಿತು. ಯೋಜನೆ ಯಶಸ್ವಿಯಾದ್ದರಿಂದ ಅದನ್ನು ವಿಸ್ತರಿಸಬೇಕೆಂದೂ, ಅದರ ವೆಚ್ಚವನ್ನು ಅದರ ಫಲ ಉಂಡ ಊರಿನಿಂದಲೇ ವಸೂಲಿ ಮಾಡಬೇಕೆಂದೂ ರಾಜಾಜ್ಞೆ ಹೊರಟಿತು.

ವಾರ ಕಳೆಯುವುದರೊಳಗೆ ಕರಿಗಟ್ಟೆಯ ಕೆರೆಯ ಬೇಲಿಗೆ ಫಕ್ಕೀರವ್ವನ ಆಳೆತ್ತರದ ಚಿತ್ರ ತಗುಲಿಹಾಕಿದರು. ಕೆಳಗೆ 'ಕರಿಗಟ್ಟೆಯ ಹೆಮ್ಮೆ' ಎಂದು ಬರೆಸಿದ್ದರು. ಅದರ ನೆರಳಲ್ಲೇ ಸರದಾರನ ಆಳು ಕೊಡಕ್ಕಿಷ್ಟು ಎಂದು ಕಾಸು ವಸೂಲಿಗೆ ಕೂತ. ನೀರಿಗೆ ಬಂದವರು ಮೊದಲು ಚಿತ್ರಕ್ಕೆ ಕೈಮುಗಿಯಬೇಕು, ಆಮೇಲೆ ಕಾಸು ಕೊಡಬೇಕು. ಸಾಲಿನ ಮುಂದೆ ನಿಂತಿದ್ದವಳು ಫಕ್ಕೀರವ್ವನ ಅವ್ವ. ಅವಳು ಮಗಳಿಗೆ ಕೈಮುಗಿದು, ಸೆರಗಿನ ಗಂಟು ಬಿಚ್ಚಿ ಕಾಸು ಕೊಟ್ಟಳು.