ಹಿತ್ತಾಳೆ ಎಂಜಿನ್ನಿಗೊಂದು ಟವೆಲ್ಲು

ಮಾರುವ ವಿದ್ಯೆ ನನಗೆ ಒಲಿದಿಲ್ಲ. ಕೊಳ್ಳುವುದರಲ್ಲೂ ನಾನು ಅಷ್ಟಕ್ಕಷ್ಟೇ. ಆದರೆ ಕೊಂಡು ಮೋಸ ಹೋದವನಿಗೆ ಮನೆಯಲ್ಲಿ ಕ್ಷಮೆಯುಂಟು, ಮಾರಿ ಮೋಸ ಹೋದವನಿಗಿಲ್ಲ. ಹತ್ತು ವರ್ಷ ಓಡಿಸಿದ ಸ್ಕೂಟರನ್ನು ಮಾರುವಾಗ, ಬ್ರೇಕು ಸರಿಯಿಲ್ಲವೆಂದು ನಾನೇ ಹೇಳಿ, ನಾನೇ ಬೆಲೆ ಇಳಿಸಿ, ಹೆಲ್ಮೆಟ್ಟನ್ನೂ ಕೊಟ್ಟು, ಪೆಟ್ರೋಲಿಗೆಂದು ನೂರು ರೂಪಾಯಿಯನ್ನೂ ಆತನ ಕೈಗಿಟ್ಟಿದ್ದೆ. ಪುಣ್ಯಾತ್ಮ ಬೀದಿಯ ತಿರುವಿನವರೆಗೂ ಹಿಂತಿರುಗಿ ನೋಡುತ್ತಲೇ ಹೋದ, ನಾನೆಲ್ಲಿ ಮನಸ್ಸು ಬದಲಿಸುತ್ತೇನೋ ಎಂದು. ಮೂವತ್ತು ವರ್ಷ ರಾಮನಗರದ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನ ಲೆಕ್ಕಾಚಾರ ಇದು. ಮನೆಗೆ ಬಂದ ನೆಂಟರಿಗೆಲ್ಲ ನನ್ನ ಹೆಂಡತಿ ಸರೋಜ ಕಾಫಿಯ ಜೊತೆ ಈ ಕಥೆಯನ್ನೂ ಕೊಡುತ್ತಾಳೆ.

ಇಂಥವನ ಪಾಲಿಗೆ ಒಂದು ಹಿತ್ತಾಳೆಯ ರೈಲು ಎಂಜಿನ್ ಮಾರುವ ಕೆಲಸ ಬಂತು. ಎಂಜಿನ್ ಸರೋಜಳದು. ಅವಳ ತಂದೆ ರೈಲು ಓಡಿಸುತ್ತಿದ್ದರು. ಯಾವುದೋ ಸಾಹೇಬರು ನಿವೃತ್ತರಾಗಿ ಹೋಗುವಾಗ ಮಾವನವರ ಕೈಗೆ ಕೊಟ್ಟುಹೋದ ಮಾದರಿ ಅದು. ಮೊಳದುದ್ದ, ಎಂಟು ಚಕ್ರ, ಚಿಮಣಿ, ಸೀಟಿ ಎಲ್ಲವೂ ಇದ್ದವು. ನಮ್ಮ ಶೋಕೇಸಿನಲ್ಲಿ ನಿಂತು ಪ್ರತಿ ಆಯುಧಪೂಜೆಗೂ ಸ್ಕೂಟರಿನ ಜೊತೆ ಕುಂಕುಮ ಹಚ್ಚಿಸಿಕೊಳ್ಳುತ್ತಿತ್ತು. ಒಂದು ಬೆಳಗ್ಗೆ ಸರೋಜ ಅದನ್ನು ಒರೆಸುತ್ತ ಹೇಳಿದಳು: “ಅಪ್ಪ ಓಡಿಸ್ತಿದ್ದ ಗಾಡೀಲಿ ಫಸ್ಟ್ ಕ್ಲಾಸ್ ಡಬ್ಬಿ ಇರೋದು. ನಾವು ಪಾಸಲ್ಲಿ ಹಿಂದ್ಗಡೆ ಟ್ರಂಕ್ ಮೇಲೆ ಕೂತ್ಕೊಂಡು ಹೋಗೋವು. ಆ ಡಬ್ಬಿ ಒಳಗೆ ಹೆಂಗಿರ್ತದೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಇದನ್ನ ಮಾರಿ ಒಂದ್ಸಲ ಹಂಗೆ ಕಾಶಿಗೆ ಹೋಗ್ಬರಣ.” ನನ್ನ ಪೆನ್ಷನ್ನಿನಲ್ಲೇ ಹೋಗೋಣ ಎಂದೆ. “ಅದು ನಿಮ್ದು. ಕಾಶಿಗೆ ನಮ್ಮಪ್ಪನ ದುಡ್ಡಲ್ಲೇ ಹೋಗ್ಬೇಕು. ನೀವು ಮಾತ್ರ ಬಿಟ್ಟಿ ಕೊಟ್ಬುಡ್ಬೇಡಿ.” ನಲವತ್ತು ವರ್ಷದ ಸಂಸಾರದಲ್ಲಿ ಅವಳು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅಪರೂಪ. ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು.

ಬೆಲೆ ತಿಳಿಯಲು ಮೊದಲು ಪಾತ್ರೆ ಅಂಗಡಿಗೆ ಒಯ್ದೆ. ಅಂಗಡಿಯವರು ತಕ್ಕಡಿಯ ಮೇಲಿಟ್ಟು, “ಎರಡೂವರೆ ಕೇಜಿ ಐತೆ. ಆಕ್ಸಲ್ಲು ಕಬ್ಬಿಣ, ಅದು ಕಳೀಬೇಕು,” ಎಂದರು. ಅಲ್ಲಿಂದ ಚನ್ನಪಟ್ಟಣಕ್ಕೆ ಹೋಗಿ, ನಲವತ್ತು ವರ್ಷದಿಂದ ಮರದ ರೈಲು ಮಾಡುತ್ತಿರುವ ಪರಿಚಯದ ಕುಶಲಕರ್ಮಿಯೊಬ್ಬರಿಗೆ ತೋರಿಸಿದೆ. ಅವರು ಅರ್ಧ ಗಂಟೆ ತಿರುಗಿಸಿ ಮುರುಗಿಸಿ, ಒಂದೊಂದು ರಿವೆಟ್ಟಿನ ಮೇಲೂ ಬೆರಳಾಡಿಸಿ, “ಮೇಷ್ಟ್ರೇ, ಇದನ್ನ ಮಾಡಿದೋನು ತನ್ನ ಕೂಲಿ ಲೆಕ್ಕ ಹಾಕಿಲ್ಲ. ನಾವೇನು ಬೆಲೆ ಕಟ್ಟಾದು,” ಎಂದು ಚಹಾ ತರಿಸಿದರು. ಚಹಾ ಚೆನ್ನಾಗಿತ್ತು, ಬೆಲೆ ಮಾತ್ರ ತಿಳಿಯಲಿಲ್ಲ. ಕೊನೆಗೆ ಫೋಟೊ ತೆಗೆದು ಇಂಟರ್ನೆಟ್ಟಿಗೆ ಹಾಕಿದೆ. ಒಬ್ಬ ಇದು ಡೀಸೆಲ್ಲೋ ಪೆಟ್ರೋಲೋ ಎಂದು ವಿಚಾರಿಸಿದ. ಇನ್ನೊಬ್ಬ ಬದಲಿಗೆ ಹಳೇ ಫ್ರಿಜ್ ಕೊಡುತ್ತೇನೆಂದ. ಮೂರನೆಯವರು ಬೆಂಗಳೂರಿನ ಸಂಗ್ರಾಹಕರು. ಭಾನುವಾರ ನಾನೇ ಬಂದು ನೋಡುತ್ತೇನೆ, ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ ಎಂದು ಬರೆದರು.

ಶನಿವಾರವೇ ನನಗೆ ಸ್ಕೂಟರಿನ ನೆನಪಾಯಿತು. ಸಾತನೂರಿನಲ್ಲಿ ದನದ ವ್ಯಾಪಾರದ ದಲ್ಲಾಳಿಯಾಗಿರುವ ಜವರಪ್ಪನಿಗೆ ಫೋನ್ ಮಾಡಿದೆ. ನಾವಿಬ್ಬರೂ ಪ್ರೈಮರಿಯಲ್ಲಿ ಒಂದೇ ಬೆಂಚು. “ಎತ್ತಾದ್ರೇನ್ಲಾ, ಎಂಜಿನ್ನಾದ್ರೇನ್ಲಾ, ಎರಡೂ ಎಳಿಯಾವೇ ತಾನೆ. ಬತ್ತೀನಿ ಬುಡು,” ಎಂದ. ಮರುದಿನ ಮೊದಲ ಬಸ್ಸಿಗೇ ಬಂದಿಳಿದ, ಹೆಗಲ ಮೇಲೆ ಹಸಿರು ಟವೆಲ್.

ಸಂಗ್ರಾಹಕರು ನನ್ನ ವಯಸ್ಸಿನವರೇ, ಸಣಕಲು, ಮೃದು ಮಾತು. ಬಿಳಿ ಕೈಗವಸು ಹಾಕಿಕೊಂಡು, ಭೂತಗನ್ನಡಿ ಹಿಡಿದು ಎಂಜಿನ್ನಿನ ಸಂದುಗೊಂದು ನೋಡಿದರು. ಬಾಯ್ಲರಿನ ಬಳಿ ತಡೆದು, “ಈ ಕೆಂಪು ಒರಿಜಿನಲ್ ಪೇಂಟಾ?” ಎಂದರು. ಆಯುಧಪೂಜೆಯ ಕುಂಕುಮ ಎಂದೆ. ಬಾಯಿ ತೆರೆದ ಮೇಲೆ ನಿಲ್ಲಲಿಲ್ಲ. ಎಡಗಡೆಯ ಚಕ್ರ ಬಿಗಿ, ದೀಪ ಒಂದೇ ಉಳಿದಿದೆ, ಒಮ್ಮೆ ಶೋಕೇಸಿನಿಂದ ಬಿದ್ದಿತ್ತು, ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಜವರಪ್ಪ ನನ್ನ ಮೊಣಕೈ ಹಿಂಡಿದ. “ಲೇ, ಎತ್ತು ಮಾರೋನು ಇದು ಒದೀತದೆ ಅಂತ ಹೇಳ್ತಾನೇನ್ಲಾ? ಒಸಿ ಸುಮ್ಕೆ ಕಾಫಿ ಕುಡಿ.” ಅಡುಗೆಮನೆಯ ಬಾಗಿಲಲ್ಲಿ ಸರೋಜ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಜವರಪ್ಪ ಟವೆಲ್ ಹರಡಿದ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಸೇರಿಸಿ ಬೆರಳು ಹಿಡಿದು ತಿಳಿಸುತ್ತಾರೆ. ಸುತ್ತ ನಿಂತವರಿಗೆ ಏನೂ ಗೊತ್ತಾಗಬಾರದು. ಸಂಗ್ರಾಹಕರು ಮಕ್ಕಳ ಹಾಗೆ ಖುಷಿಪಟ್ಟು ಕೈಗವಸು ಬಿಚ್ಚಿದರು, ಯಾವ ಬೆರಳಿಗೆ ಏನರ್ಥ ಎಂದು ಜವರಪ್ಪನಿಂದ ಕಿವಿಯಲ್ಲಿ ಪಾಠ ಹೇಳಿಸಿಕೊಂಡರು. ಆಮೇಲೆ ಅವರು ಬೆರಳಲ್ಲಿ ತಿಳಿಸಿದ ಬೆಲೆ ಹೊತ್ತು ಜವರಪ್ಪನ ಟವೆಲ್ ನನ್ನ ಕಡೆ ಬಂತು. ಒಳಗೆ ನನ್ನ ನಾಲ್ಕು ಬೆರಳು ಹಿಡಿದು, ಅಂಗೈಗೆ ಒಂದು ಸಲ ತಟ್ಟಿ, ಹುಬ್ಬೇರಿಸಿದ. ನಾಲ್ಕು ಸಾವಿರವೋ, ನಲವತ್ತೋ? ತಟ್ಟಿದ್ದು ಕೂಡಲಿಕ್ಕೋ, ಕಳೆಯಲಿಕ್ಕೋ? ಹಳ್ಳಿಯಲ್ಲೇ ಹುಟ್ಟಿ ಬೆಳೆದ ಗಣಿತದ ಮೇಷ್ಟ್ರು ಪೇಟೆಯವರ ಎದುರು ಗೊತ್ತಿಲ್ಲವೆನ್ನುವುದು ಹೇಗೆ? ಗಂಭೀರವಾಗಿ ತಲೆಯಾಡಿಸಿ, “ಆಯ್ತು ಬಿಡಪ್ಪ,” ಎನ್ನುವುದರಲ್ಲಿದ್ದೆ.

“ಒಸಿ ತಡೀರಿ,” ಎಂದಳು ಸರೋಜ. ಸೆರಗಿಗೆ ಕೈ ಒರೆಸಿಕೊಂಡು ಬಂದು ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕುಳಿತಳು. “ಅಪ್ಪ ರಿಟೈರಾದ್ಮೇಲೆ ಕನಕಪುರದಲ್ಲಿ ಎತ್ತು ಕಟ್ಟಿದ್ರಲ್ಲ, ಸಂತೇಲಿ ಮೂರು ಜೊತೆ ಕೊಂಡಿದ್ದು ನಾನೇ. ಎಲ್ಲಿ, ಟವೆಲ್ ಈ ಕಡೆ ತನ್ನಿ.” ಜವರಪ್ಪ ಹಿಂಜರಿದ. “ತಂಗ್ಯವ್ವ, ಹೆಣ್ಮಕ್ಕಳ ಕೈ ಹಿಡಿದು ನಾನು ಯಾಪಾರ ಮಾಡಿಲ್ಲ ಕಣವ್ವ.” “ತಂಗಿ ಅಂದ್ರಲ್ಲ, ಹಿಡೀರಿ,” ಎಂದಳು. ಟವೆಲ್ ಅಲ್ಲಿಗೆ ಹೋಯಿತು, ಇಲ್ಲಿಗೆ ಬಂತು. ಸಂಗ್ರಾಹಕರು ಬೆವರಿದರು, ನಕ್ಕರು, ತಲೆ ಕೆರೆದುಕೊಂಡರು. ಜವರಪ್ಪ ಎರಡು ಸಲ ತನ್ನ ಕೈಯನ್ನೇ ಹೊರಗೆಳೆದು ನೋಡಿಕೊಂಡ. ಐದನೇ ಸುತ್ತಿಗೆ ಸರೋಜ ತಲೆಯಾಡಿಸಿದಳು. ಸಂಗ್ರಾಹಕರು ತಮ್ಮ ಫೋನಿನಲ್ಲೇ ಹಣ ಕಳಿಸಿದರು, ಅವಳ ಫೋನು ಟಿಣ್ ಎಂದಿತು. ಕನ್ನಡಕ ಹಾಕಿಕೊಂಡು ಓದಿ, ಫೋನನ್ನು ಬೋರಲು ಹಾಕಿ, ಎಂಜಿನ್ನಿನ ಚಿಮಣಿಯನ್ನು ಒಮ್ಮೆ ಸವರಿ ಒಳಗೆ ಹೋದಳು. ಅವಳ ಕಣ್ಣು ತುಂಬಿತ್ತು.

ಎಷ್ಟಕ್ಕೆ ಹೋಯಿತೆಂದು ಅಂದಿನಿಂದ ಕೇಳುತ್ತಲೇ ಇದ್ದೆ. “ನಿಮಗೆ ಹೇಳಿದ್ರೆ ಅವರಿಗೆ ಅರ್ಧ ವಾಪಸ್ ಕಳಿಸ್ಬುಡ್ತೀರ,” ಎನ್ನುತ್ತಿದ್ದಳು. ಜವರಪ್ಪನೂ ಬಾಯಿ ಬಿಡಲಿಲ್ಲ. “ಯಾಪಾರದ ಧರ್ಮ ಕಣ್ಲಾ,” ಎಂದ.

ಕಾಶಿಗೆ ಫಸ್ಟ್ ಕ್ಲಾಸಿನಲ್ಲೇ ಹೊರಟೆವು. ಬಾಗಿಲು ಹಾಕಿಕೊಳ್ಳುವ ಡಬ್ಬಿ. ಸರೋಜ ಒಂದೊಂದು ಸ್ವಿಚ್ಚನ್ನೂ ಒತ್ತಿ ನೋಡಿದಳು, ದಿಂಬನ್ನು ಮೂಸಿದಳು, ಆಮೇಲೆ ಕಿಟಕಿಯ ಪಕ್ಕ ಕಾಲು ಚಾಚಿ ಕುಳಿತು ಮಧ್ಯಾಹ್ನವಿಡೀ ಹೊರಗೆ ನೋಡಿದಳು. ಎಸಿಯ ಚಳಿಗೆ ಒಂದೇ ಕಂಬಳಿ ಹೊದ್ದು ಕೂತಿದ್ದೆವು. ಈಗಲಾದರೂ ಹೇಳೇ ಎಂದೆ. ಅವಳು ಕಂಬಳಿಯ ಕೆಳಗೆ ನನ್ನ ಕೈ ಎಳೆದುಕೊಂಡು, ಮೂರು ಬೆರಳು ಹಿಡಿದು ಒತ್ತಿ, ಬಿಟ್ಟು, ಮತ್ತೆ ಎರಡು ಹಿಡಿದು, ಅಂಗೈಗೆ ಮೆಲ್ಲಗೆ ತಟ್ಟಿದಳು. ತಿಳೀತಾ ಎಂಬಂತೆ ನನ್ನ ಮುಖ ನೋಡಿದಳು. ನಾನು ಒಂದು ಕ್ಷಣ ಲೆಕ್ಕ ಹಾಕಿದವನಂತೆ ಮಾಡಿ, ಗಂಭೀರವಾಗಿ ತಲೆಯಾಡಿಸಿ, “ಒಳ್ಳೇ ರೇಟು,” ಎಂದೆ.