ಕೋಳಿಗೆ ಏದುಸಿರು, ಡಾಕ್ಟ್ರಿಗೆ ಮೇಲುಸಿರು

ಕೋಳಿಗೆ ಬಾಯಿ ಬರುವುದಿಲ್ಲ, ಅದನ್ನು ಹಿಡಿದುಕೊಂಡು ಬಂದವರಿಗೆ ಬಾಯಿ ನಿಲ್ಲುವುದಿಲ್ಲ. ಇವರಿಬ್ಬರ ಮಧ್ಯೆ ಕೂತ ಪಶುವೈದ್ಯನಿಗೆ ದಿನಕ್ಕೊಂದು ಪಜೀತಿ ಆಗದಿದ್ದರೆ ಅದೇ ಆಶ್ಚರ್ಯ.

ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಕಡೆ ಒಂದು ಸಣ್ಣ ದನದ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದೆ. ಆಗಿನ್ನೂ ಕಾಲೇಜಿನ ಸೀಮೆಸುಣ್ಣದ ವಾಸನೆ ಮೈಗೆ ಅಂಟಿಕೊಂಡಿತ್ತು. ನನ್ನ ಜೊತೆ ಇದ್ದವರು ಒಬ್ಬ ಕಾಂಪೌಂಡರ್. ಇಪ್ಪತ್ತು ವರ್ಷ ಸರ್ವೀಸು, ಬಾಯಲ್ಲಿ ಸದಾ ಎಲೆ ಅಡಿಕೆ, ಮಾತು ಕಮ್ಮಿ. ಈ ಕಡೆ ವಿಜಯನಗರ, ಬಸವೇಶ್ವರನಗರ ಆಗಷ್ಟೇ ಕಣ್ಣು ಬಿಡುತ್ತಿದ್ದವು. ಆ ಕಡೆ ಮೂಡಲಪಾಳ್ಯ, ಅತ್ತಿಗುಪ್ಪೆ ಇನ್ನೂ ಹಳ್ಳಿಗಳೇ. ಎಲ್ಲರ ಹಿತ್ತಿಲಲ್ಲೂ ನಾಲ್ಕು ಕೋಳಿ. ಎತ್ತು, ಎಮ್ಮೆ ನೋಡುತ್ತೇನೆ ಅಂತ ಬಂದವನು ವರ್ಷ ತಿರುಗುವುದರಲ್ಲಿ ‘ಕೋಳಿ ಡಾಕ್ಟ್ರು’ ಆಗಿಬಿಟ್ಟೆ.

೧. ಅಜ್ಜಿಯ ಗೊರಗೊರ

ಮೂಡಲಪಾಳ್ಯದಿಂದ ಒಬ್ಬ ಅಜ್ಜಿ ಬಂದರು. ಕಂಕುಳಲ್ಲಿ ಕೋಳಿ, ಕೋಳಿಯ ಮೇಲೆ ಸೆರಗು.

“ಏನಾಗಿದೆ ಅಜ್ಜಿ?”

“ಉಸ್ರು ಬುಡಕ್ಕಾಯ್ತಿಲ್ಲ ಕಣಪ್ಪ. ಗೊರಗೊರ ಅಂತದೆ.”

“ಹೇಗೆ ಅನ್ನುತ್ತೆ?” ಅಂತ ಕೇಳಿದ್ದು ನನ್ನ ತಪ್ಪು. ಅಜ್ಜಿ ಕತ್ತು ಮುಂದಕ್ಕೆ ಚಾಚಿ, ಬಾಯಿ ಅಗಲ ಮಾಡಿ, “ಗೊರ್ರ್... ಗೊರ್ರ್... ಕ್ಷೀಂ” ಅಂದರು. ಎಷ್ಟು ಚೆನ್ನಾಗಿ ಅಂದರೆ ಜಗಲಿಯಲ್ಲಿ ಕಟ್ಟಿದ್ದ ಹೋರಿ ಗೂಟ ಎಳೆಯತೊಡಗಿತು. ಆದರೆ ಶುರುವಾದ ಗೊರಗೊರ ನಿಲ್ಲಲಿಲ್ಲ. ಅದು ಕೆಮ್ಮಾಗಿ, ಅಜ್ಜಿ ಗೋಡೆ ಹಿಡಿದು ಕೂತರು. ತಿಂಗಳಿಂದ ಅವರಿಗೂ ಕೆಮ್ಮಂತೆ.

ಕೋಳಿಯ ಮುಖ ಊದಿತ್ತು. ಮೂಗಲ್ಲಿ ಸಿಂಬಳ, ಕಣ್ಣಲ್ಲಿ ನೊರೆ. ಎದೆಗೆ ಕಿವಿಯಿಟ್ಟರೆ ಒಳಗೆ ಬೋಂಡಾ ಕರಿದ ಹಾಗೆ ಸದ್ದು. ಶೀತ ಎದೆಗೆ ಇಳಿದಿತ್ತು. ಪುಡಿ ಕಟ್ಟಿಕೊಟ್ಟು, “ಇದನ್ನ ನೀರಿಗೆ ಹಾಕಿ ಐದು ದಿನ ಕುಡಿಸಿ. ಬೇರೆ ನೀರು ಇಡಬೇಡಿ. ಮಿಕ್ಕ ಕೋಳಿಗಳಿಂದ ದೂರ ಇಡಿ. ನೀವು ಮಾತ್ರ ಮನುಷ್ಯರ ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಿ” ಅಂದೆ.

ಆರನೇ ದಿನ ಅಜ್ಜಿ ಬಂದರು. ಕೋಳಿ ಗೆಲುವಾಗಿತ್ತು. ಅಜ್ಜಿಯೂ ಗೆಲುವಾಗಿದ್ದರು.

“ಆಸ್ಪತ್ರೆಗೆ ಹೋಗಿದ್ರಾ ಅಜ್ಜಿ?”

“ಇಲ್ಲ ಕಣಪ್ಪ. ಆ ನೀರು ಕಂಡ್ರೆ ಅದು ಅತ್ಲಾಗೆ ಮಕ ತಿರುಗುಸ್ತಿತ್ತು. ನಾನು ಎರಡು ಗುಟುಕು ಕುಡ್ದು ತೋರುಸ್ದ ಮ್ಯಾಲೇ ಅದು ಬಾಯಿಕ್ಕಿದ್ದು. ಐದು ದಿನಾನೂ ಅಂಗೇಯ.”

ಅಜ್ಜಿಯನ್ನು ಕೂರಿಸಿ, ನಾಡಿ ನೋಡಿ, ಇನ್ನು ಮೇಲೆ ಹಾಗೆ ಮಾಡಬಾರದು ಅಂತ ಕೈಮುಗಿದು ಬೇಡಿಕೊಂಡೆ. ಹಿಂದಿನಿಂದ ಕಾಂಪೌಂಡರ್ ರಿಜಿಸ್ಟರ್ ಹಿಡಿದು ಕೇಳಿದರು: “ಸಾರ್, ವಾಸಿಯಾದ ಕೋಳಿ ಒಂದು ಅಂತ ಬರೀಲೋ, ಎರಡು ಅಂತ ಬರೀಲೋ?”

೨. ಡಾಕ್ಟ್ರು ಅತ್ತುಬಿಟ್ಟರು

ರಾಜಾಜಿನಗರದ ಒಂದು ವಠಾರದಲ್ಲಿ ಫ್ಯಾಕ್ಟರಿ ಕೆಲಸದವರೊಬ್ಬರು ಆರು ಕೋಳಿ ಸಾಕಿದ್ದರು. ಹೆಂಡತಿಯ ತವರಿನಿಂದ ಬಂದ ಕೋಳಿಗಳು, ಹಾಗಾಗಿ ಮರ್ಯಾದೆ ಜಾಸ್ತಿ. ಆರೂ ಸೀನುತ್ತಿವೆ, ಏದುಸಿರು ಬಿಡುತ್ತಿವೆ, ಮನೆಗೇ ಬಂದು ನೋಡಬೇಕು ಅಂತ ಆ ಮನುಷ್ಯ ಆಸ್ಪತ್ರೆ ಬಾಗಿಲಲ್ಲಿ ನಿಂತುಬಿಟ್ಟರು. ಸೈಕಲ್ ಹತ್ತಿ ಹೊರಟೆ.

ಅದು ಜನವರಿ. ಕೋಳಿಗಳಿಗೆ ಚಳಿ ಆಗದಿರಲಿ ಅಂತ ಆತ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯಲ್ಲಿ ಗೂಡು ಮಾಡಿದ್ದರು. ಮೇಲೆ ತಗಡು, ಸಂದಿಗೆಲ್ಲ ಬಟ್ಟೆ ತುರುಕಿ, ಸುತ್ತ ಗೋಣಿಚೀಲ ಹೊದಿಸಿ, ಅದರ ಮೇಲೆ ಹಳೇ ಕಂಬಳಿ. “ಒಂದು ಇರುವೆ ಹೋಗೋಕೂ ಜಾಗ ಇಲ್ಲ ಸಾರ್” ಅಂದರು ಹೆಮ್ಮೆಯಿಂದ. ಸೀನು ಶುರುವಾದ ಮೇಲೆ ಹೆಂಡತಿ ದಿನಾ ಸಂಜೆ ಒಳಗೆ ಲೋಬಾನದ ಹೊಗೆ ಬೇರೆ ಹಾಕುತ್ತಿದ್ದರಂತೆ. ಗೂಡಿನ ಪಿಕ್ಕೆ ಬಳಿದು ಹೊರಗೆ ಹಾಕಿ ಮೂರು ವಾರವಾಗಿತ್ತು. ಬಾಗಿಲು ತೆಗೆದರೆ ಚಳಿ ಒಳಗೆ ಹೋಗುತ್ತದಲ್ಲ!

ನಾನು ಚಿಕ್ಕ ಬಾಗಿಲು ತೆಗೆದು ತಲೆಯನ್ನು ಒಳಗೆ ಹಾಕಿದೆ. ಆ ಘಾಟು ಹೇಗಿತ್ತೆಂದರೆ, ಮೆಣಸಿನಕಾಯಿ ಗೋದಾಮಿಗೆ ಬೆಂಕಿ ಬಿದ್ದ ಹಾಗೆ. ಹೊರಗೆ ಬಂದಾಗ ಕಣ್ಣಲ್ಲಿ ಧಾರಾಕಾರ ನೀರು, ಮೂಗಲ್ಲಿ ನೀರು, ಗಂಟಲು ಕಟ್ಟಿ ಮಾತೇ ಹೊರಡುತ್ತಿಲ್ಲ. ಕೈಸನ್ನೆಯಲ್ಲಿ “ಗಾಳಿ... ಗಾಳಿ ಬೇಕು” ಅನ್ನಲು ನೋಡಿದೆ. ಕೈ ಮೇಲಕ್ಕೆ ಹೋಗಿದ್ದನ್ನು ಕಂಡ ಆ ಹೆಣ್ಣುಮಗಳು ಆಕಾಶ ತೋರಿಸಿದೆ ಅಂದುಕೊಂಡರು.

“ಅಯ್ಯೋ, ಡಾಕ್ಟ್ರೇ ಅಳ್ತಾ ಇದಾರಲ್ಲ್ರೀ! ನಮ್ಮ ಕೋಳಿ ಉಳಿಯಲ್ಲ!” ಅಂತ ಆಕೆಯೂ ಅಳು ಶುರುಮಾಡಿದರು. ಗಂಡನ ಮುಖ ಸಪ್ಪಗಾಯಿತು. ವಠಾರವೆಲ್ಲ ಬಂದು ಸುತ್ತ ನಿಂತಿತು.

ನಾನು ಇನ್ನೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದೆ. ಆಗ ಪಕ್ಕದ ಮನೆಯ ಹಿರಿಯರೊಬ್ಬರು ನನ್ನ ಬೆನ್ನು ಸವರಿ ಹೇಳಿದರು: “ಸಮಾಧಾನ ಮಾಡ್ಕೊಳಿ ಸಾರ್. ಹುಟ್ಟಿದ ಕೋಳಿ ಸಾಯ್ಲೇಬೇಕು. ಒಂದೊಂದಕ್ಕೂ ಹೀಗೆ ಅತ್ರೆ ನಿಮಗೆ ಈ ಕೆಲಸ ಮಾಡಕ್ಕಾಗಲ್ಲ.”

(ಕಂಬಳಿ, ಗೋಣಿಚೀಲ ಕಿತ್ತು, ಗೂಡು ಗುಡಿಸಿ, ಎರಡು ಕಡೆ ಜಾಲರಿ ಹೊಡೆಸಿದೆವು. ಬೇರೆ ಔಷಧಿಯೇ ಬೇಕಾಗಲಿಲ್ಲ. ಕೋಳಿ ಚಳಿ ತಡೆಯುತ್ತದೆ, ಗಾಳಿಯಿಲ್ಲದ್ದನ್ನು ತಡೆಯುವುದಿಲ್ಲ.)

೩. ನನ್ನ ದೊಡ್ಡ ವಿದ್ಯೆ

ಬೇರೆಯವರದೇ ಹೇಳಿದರೆ ಆಗುತ್ತದೆಯೇ? ನನ್ನದೂ ಒಂದಿದೆ.

ಏಪ್ರಿಲ್ ತಿಂಗಳ ಮಧ್ಯಾಹ್ನ. ಬಸವೇಶ್ವರನಗರದಲ್ಲಿ ಮನೆ ಕಟ್ಟಿಸುತ್ತಿದ್ದ ಒಬ್ಬ ಟೀಚರಮ್ಮನ ಕೋಳಿ ನೋಡಲು ನಾವಿಬ್ಬರೂ ಹೋಗಿದ್ದೆವು. ಸೈಟಿನ ತಗಡಿನ ಶೆಡ್ಡಿನಲ್ಲಿ ಕೋಳಿ ನಿಂತಿದೆ. ಬಾಯಿ ತೆರೆದಿದೆ, ಗಂಟಲು ಪಟಪಟ ಬಡಿಯುತ್ತಿದೆ, ರೆಕ್ಕೆ ಎರಡೂ ದೂರ ಹಿಡಿದಿದೆ. ಟೀಚರಮ್ಮನ ಎದುರು ಸ್ವಲ್ಪ ಜ್ಞಾನ ತೋರಿಸೋಣ ಅನ್ನಿಸಿತು. ಕೋಳಿಗೆ ಎದೆಯೊಳಗೆ ಗಾಳಿಚೀಲಗಳಿರುತ್ತವೆ, ಅವುಗಳಿಗೆ ಸೋಂಕು ತಗುಲಿದರೆ ಹೀಗಾಗುತ್ತದೆ, ಇದು ನಾಲ್ಕು ರೋಗಗಳಲ್ಲಿ ಯಾವುದಾದರೂ ಇರಬಹುದು ಅಂತ ನಾಲ್ಕರ ಇಂಗ್ಲಿಷ್ ಹೆಸರನ್ನೂ ಹೇಳಿದೆ. ಆಕೆ ಪಾಪ, ನೋಟ್ ಪುಸ್ತಕದಲ್ಲಿ ಬರೆದುಕೊಂಡರು. ಒಂದು ಹೆಸರಿಗೆ ಸ್ಪೆಲ್ಲಿಂಗ್ ಕೇಳಿದರು. ನನಗೂ ಬರಲಿಲ್ಲ.

ಅಷ್ಟರಲ್ಲಿ ಕಾಂಪೌಂಡರ್ ಸುಮ್ಮನೆ ಕೋಳಿಯನ್ನು ಎತ್ತಿಕೊಂಡು ಹೋಗಿ, ತಗಡಿನ ಶೆಡ್ಡಿನಿಂದಾಚೆ ಸೀಬೆ ಮರದ ನೆರಳಲ್ಲಿ ಬಿಟ್ಟು, ಚಟ್ಟಿಯಲ್ಲಿ ತಣ್ಣೀರಿಟ್ಟರು. ಅದು ಕುಡಿಯಿತು. ಐದು ನಿಮಿಷಕ್ಕೆ ಬಾಯಿ ಮುಚ್ಚಿತು. ಮಣ್ಣು ಕೆದಕುತ್ತಾ ಹೊರಟೇ ಹೋಯಿತು.

“ನಾಲ್ಕರಲ್ಲಿ ಯಾವುದಿತ್ತು ಇದಕ್ಕೆ?” ಅಂತ ಟೀಚರಮ್ಮ ಪೆನ್ನು ಹಿಡಿದೇ ಕೇಳಿದರು.

ಕಾಂಪೌಂಡರ್ ಎಲೆ ಅಡಿಕೆ ಉಗುಳಿ ಬಂದು ಹೇಳಿದರು: “ಐದನೇದು ಅಮ್ಮಾ. ಕನ್ನಡದಲ್ಲಿ ಬೇಸಿಗೆ ಅಂತಾರೆ.”

೪. ಮನ್ಯಾಗ ಒಬ್ಬಾಕಿ

ಒಂದು ಬೆಳಿಗ್ಗೆ, ಇನ್ನೂ ಯಾರೂ ಬಂದಿರಲಿಲ್ಲ. ಹಣೆ ತುಂಬ ವಿಭೂತಿ, ಬಿಳಿ ಪಂಚೆ, ಕರಿ ಕೋಟು ತೊಟ್ಟ ಒಬ್ಬ ಹಿರಿಯರು ಆಚೆ ಈಚೆ ನೋಡಿಕೊಂಡು ಒಳಗೆ ಬಂದರು. ಧಾರವಾಡ ಕಡೆಯವರು. ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ವಿಜಯನಗರದಲ್ಲಿ ಮನೆ ಮಾಡಿದ್ದರು.

“ಡಾಕ್ಟ್ರ, ನಮ್ಮ ಮನ್ಯಾಗ ಒಬ್ಬಾಕಿಗೆ ಉಸಿರಾಟದ್ದು ಭಾಳ ತ್ರಾಸ ಆಗೇದರಿ” ಅಂದರು ಮೆಲ್ಲಗೆ. “ಬಾಯಿ ತೆರಕೊಂಡು, ಕುತ್ತಿಗಿ ಚಾಚಿ ಚಾಚಿ ಉಸಿರು ತೊಗೋತಾಳ. ನಡುನಡುವ ತಲಿ ಝಾಡಿಸ್ತಾಳ.”

“ವಯಸ್ಸೆಷ್ಟು ಸಾರ್?”

“ಒಂದೂವರಿ ವರ್ಷ ಇರಬೇಕ್ರಿ.”

ನಾನು ಕುರ್ಚಿಯಿಂದ ಎದ್ದುಬಿಟ್ಟೆ. “ಅಯ್ಯೋ ಸಾರ್, ಇದು ದನದ ಆಸ್ಪತ್ರೆ! ಮಗೂನ ತಕ್ಷಣ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ!”

ಹಿರಿಯರು ಬಾಗಿಲ ಕಡೆ ಇನ್ನೊಮ್ಮೆ ನೋಡಿ, ದನಿ ಇನ್ನಷ್ಟು ತಗ್ಗಿಸಿದರು. “ಮಗು ಅಲ್ರಿ... ಆಕಿಗೆ ರೆಕ್ಕಿ ಅದಾವು.”

ಆಮೇಲೆ ವಿಷಯ ಹೊರಬಂತು. ಹಿಂದಿನ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದ ಸಂಸಾರದ ಕೋಳಿ ಅದು. ಇವರು ಬೆಳಿಗ್ಗೆ ಪೇಪರ್ ಓದಲು ಕೂತರೆ ಬಂದು ಕುರ್ಚಿಯ ಕೆಳಗೆ ಕೂರುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಬೆಳಗಿನ ಹೊತ್ತು ಇವರ ಮಾತು ಕೇಳುವ ಜೀವ ಅದೊಂದೇ. ಹುಟ್ಟಿದಂದಿನಿಂದ ಮೊಟ್ಟೆ ಕೂಡ ಮುಟ್ಟದವರು, ಕೋಳಿಯ ಹೆಸರೆತ್ತಲೂ ಸಂಕೋಚ. ಈಗ ಅದಕ್ಕೆ ರೋಗ. ಬಾಡಿಗೆಯವರು, “ಸೊರಗಿ ಸಾಯೋದಕ್ಕೆ ಮುಂಚೆ ಭಾನುವಾರ ಸಾರು ಮಾಡಿಬಿಡೋಣ” ಅಂದಿದ್ದಾರೆ. ಅವತ್ತು ಗುರುವಾರ.

ಹೋಗಿ ನೋಡಿದೆ. ಗಂಟಲಲ್ಲಿ ಹುಳ. ಉಸಿರಿನ ಕೊಳವೆಗೆ ಕೆಂಪು ದಾರದ ಹಾಗೆ ಕಚ್ಚಿಕೊಂಡಿರುತ್ತವೆ, ಕೋಳಿಗೆ ಉಸಿರೇ ಆಡುವುದಿಲ್ಲ. ಹುಳದ ಔಷಧಿ ಕುಡಿಸಿ, ಒದ್ದೆ ಜಾಗದಲ್ಲಿ ಮೇಯಲು ಬಿಡಬೇಡಿ ಅಂದೆ. ಬಾಡಿಗೆಯವರಿಗೆ ಒಂದು ಮಾತು ಒತ್ತಿ ಹೇಳಿದೆ: “ಈ ಔಷಧಿ ಕೊಟ್ಟ ಮೇಲೆ ಹದಿನೈದು ದಿನ ಕೋಳೀನ ತಿನ್ನೋ ಹಾಗಿಲ್ಲ.” ಅವರು ಮುಖ ಸಣ್ಣ ಮಾಡಿಕೊಂಡು ಒಪ್ಪಿದರು. ಹಿರಿಯರು ನನ್ನ ಕೈ ಹಿಡಿದು ಒಮ್ಮೆ ಅಮುಕಿದರು.

ಎರಡು ವಾರ ಕಳೆಯಿತು. ಬೆಳಿಗ್ಗೆ ಬಾಗಿಲು ತೆಗೆಯುವುದಕ್ಕೂ ಮೊದಲೇ ಅವರು ಮೆಟ್ಟಿಲ ಮೇಲೆ ಕೂತಿದ್ದರು.

“ಡಾಕ್ಟ್ರ, ಆ ಔಷಧ ಇನ್ನೊಂದ್ಸಲ ಕೊಡ್ರಿ.”

“ಯಾಕೆ ಸಾರ್? ಮತ್ತೆ ಉಸಿರಾಟದ ತೊಂದರೆನಾ?”

“ಇಲ್ರಿ, ಆಕಿ ಭಾಳ ಆರಾಮ ಅದಾಳ” ಅಂದರು ಹಿರಿಯರು. “ನಾಳಿಗೆ ಹದಿನೈದು ದಿನ ಮುಗೀತಾವ.”

೫. ಮರದ ಮೇಲಿನ ಯಜಮಾನರು

ಎಪ್ಪತ್ತಾರನೇ ಇಸವಿ. ಅತ್ತಿಗುಪ್ಪೆಯ ಕಡೆ ಕೊಕ್ಕರೆ ರೋಗ ಬಂತು. ಕೋಳಿ ಬಾಯಿ ಕಳೆದು ಏದುಸಿರು ಬಿಡುತ್ತದೆ, ಹಸಿರು ಭೇದಿ ಮಾಡುತ್ತದೆ, ಕತ್ತು ತಿರುಚಿಕೊಂಡು ಬೀಳುತ್ತದೆ. ಬಂದ ಮೇಲೆ ಔಷಧಿಯಿಲ್ಲ. ಒಂದು ಬೀದಿಯಲ್ಲಿ ವಾರದೊಳಗೆ ಒಂದು ಕೋಳಿಯೂ ಉಳಿಯಲಿಲ್ಲ. ಮೊಟ್ಟೆ ಮಾರಿ ಮನೆ ನಡೆಸುತ್ತಿದ್ದ ಹೆಂಗಸರು ಖಾಲಿ ಮಂಕರಿ ಮುಂದಿಟ್ಟುಕೊಂಡು ಕೂತಿದ್ದನ್ನು ನೋಡಲಾಗುತ್ತಿರಲಿಲ್ಲ. ಮುಂದಿನ ಬೀದಿಗಳ ಕೋಳಿಗಾದರೂ ರೋಗ ತಗುಲುವ ಮೊದಲೇ ರೆಕ್ಕೆಯ ಬುಡಕ್ಕೆ ಲಸಿಕೆ ಚುಚ್ಚಬೇಕು.

ನಾವು ಎಂದೂ ಸೈಕಲ್ಲಿನಲ್ಲೇ ಹೋಗುತ್ತಿದ್ದವರು. ಅವತ್ತು ಲಸಿಕೆಯ ಐಸ್ ಡಬ್ಬಿ ಇದೆ ಅಂತ ಆಫೀಸಿನವರು ಜೀಪು ಕೊಟ್ಟರು. ಅಲ್ಲೇ ಎಡವಟ್ಟಾಯಿತು. ಅದು ಸರ್ಕಾರಿ ಜೀಪು ಕಂಡರೆ ಸಂತಾನಹರಣದ ಆಪರೇಷನ್ನಿಗೆ ಎತ್ತಿಕೊಂಡು ಹೋಗುತ್ತಾರೆ ಅಂತ ಗಂಡಸರು ಓಡುತ್ತಿದ್ದ ಕಾಲ. ಅವರ ಭಯಕ್ಕೆ ಕಾರಣವೂ ಇತ್ತು ಅನ್ನಿ. ಜೀಪು ನಿಂತಿತು. ಬಿಳಿ ಕೋಟು ಹಾಕಿಕೊಂಡ ನಾನು, ಕೈಯಲ್ಲಿ ಸೂಜಿಯ ಟ್ರೇ ಹಿಡಿದ ಕಾಂಪೌಂಡರ್ ಇಳಿದೆವು. ಕಣ್ಣು ಮುಚ್ಚಿ ಬಿಡುವುದರಲ್ಲಿ ಬೀದಿಯಲ್ಲಿ ಒಬ್ಬ ಗಂಡಸಿಲ್ಲ! ಒಬ್ಬರು ರಾಗಿ ಹೊಲಕ್ಕೆ, ಒಬ್ಬರು ಮೆದೆ ಹಿಂದಕ್ಕೆ. ಕ್ಷೌರಕ್ಕೆ ಕೂತಿದ್ದವರೊಬ್ಬರು ಅರ್ಧ ಗಡ್ಡದಲ್ಲೇ ಗೋಡೆ ಹಾರಿದರು.

ಹೆಂಗಸರು ಮಾತ್ರ ನಿಂತರು. ಕೋಳಿಗೆ ಅಂತ ತಿಳಿದ ಮೇಲೆ ನಗುತ್ತಾ, ಗಂಡಂದಿರನ್ನು ಬೈಯುತ್ತಾ ಕೋಳಿ ಹಿಡಿದು ತಂದರು. ಕೊನೆಯ ಮನೆಯಲ್ಲಿ ಹನ್ನೊಂದು ಕೋಳಿ. ಆ ಹನ್ನೊಂದೂ ಆಮೇಲೆ ಉಳಿದುಕೊಂಡವು ಅಂತ ಈಗಲೇ ಹೇಳಿಬಿಡುತ್ತೇನೆ. ಹತ್ತು ಹ್ಯಾಟೆಗೆ, ಅಂದರೆ ಹೆಣ್ಣುಕೋಳಿಗೆ, ಚುಚ್ಚಿದ್ದಾಯಿತು. ಉಳಿದದ್ದು ಒಂದು ಹುಂಜ, ಕಟ್ಟುಮಸ್ತು. ಅದು ಮನೆಯ ಯಜಮಾನರ ಕೈಗೆ ಬಿಟ್ಟರೆ ಬೇರೆಯವರಿಗೆ ಸಿಗುವುದಿಲ್ಲವಂತೆ. ಕಾಂಪೌಂಡರ್ ಕೈಗೆ ಎರಡು ಸಲ ಕುಕ್ಕಿತು.

“ಯಜಮಾನ್ರು ಎಲ್ಲಮ್ಮಾ?”

ಆಕೆ ಬೆರಳು ತೋರಿಸಿದರು. ಮನೆ ಮುಂದಿನ ಹುಣಸೆ ಮರದ ಮೇಲೆ, ಎಲೆ ಮಧ್ಯೆ ಎರಡು ಕಾಲು ಕಾಣುತ್ತಿದ್ದವು.

“ಇಳ್ಕೊಂಡ್ ಬನ್ನೀ! ಸೂಜಿ ನಿಮಗಲ್ವಂತೆ, ಕೋಳಿಗಂತೆ!” ಅಂತ ಆಕೆ ಕೂಗಿದರು.

ಮೇಲಿನಿಂದ ದನಿ ಬಂತು. “ಬರೀ ಹ್ಯಾಟೆಗಾ, ಹುಂಜಕ್ಕೂನಾ? ಕೇಳು ಮೊದ್ಲು!”

ಸುಳ್ಳು ಹೇಳುವುದು ಹೇಗೆ? “ಎರಡಕ್ಕೂ ಯಜಮಾನ್ರೇ!” ಅಂದೆ.

ಕಾಲುಗಳು ಇನ್ನೊಂದು ಕೊಂಬೆ ಮೇಲಕ್ಕೆ ಹೋದವು.

ಇನ್ನು ಆಗುವುದಿಲ್ಲ ಅಂತ ಆಕೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಳವೆಲ್ಲ ಅಟ್ಟಾಡಿಸಿ, ಹುಂಜದ ಮೇಲೆ ಮಂಕರಿ ಕವುಚಿ ಹಾಕಿದರು. ಚುಚ್ಚಿ ಬಿಟ್ಟೆ. ಅದು ಮೈ ಕೊಡವಿಕೊಂಡು, ಕಟ್ಟೆ ಹತ್ತಿ, ಊರಿಗೆಲ್ಲ ಕೇಳುವ ಹಾಗೆ ಕೂಗಿತು.

ಹೆಂಡತಿ ಮರದ ಬುಡಕ್ಕೆ ಹೋಗಿ ನಿಂತರು. “ನೋಡೀ, ಹುಂಜಕ್ಕೆ ಏನೂ ಆಗಿಲ್ಲ! ಎಂಗ್ ಕೂಗ್ತಾ ಐತೆ ಕೇಳಿಸ್ಕೊಳಿ! ಇಳೀರಿ ಇನ್ನ!”

ಎಲೆ ಮಧ್ಯದಿಂದ ಒಂದು ತಲೆ ಇಣುಕಿ ಹುಂಜವನ್ನು ನೋಡಿತು. ಆಮೇಲೆ ಯಜಮಾನರ ಉತ್ತರ ಬಂತು:

“ಕೂಗೋದ್ ಅಂಗಿರ್ಲಿ. ಹ್ಯಾಟೆ ಹಿಂದೆ ಓಡ್ತದಾ ನೋಡೇಳು!”