ಮಾವ ಬಡಿದು ನೋಡಿದ ಬೀದಿ

ಎಲ್ಲ ಕೆಡಲು ಶುರುವಾದದ್ದು ಒಂದು ಭಾನುವಾರ ಬೆಳಿಗ್ಗೆ ಹತ್ತೂವರೆಗೆ. ಅಷ್ಟು ಖಚಿತವಾಗಿ ಹೇಗೆ ಹೇಳುತ್ತೇನೆ ಎಂದರೆ, ಆಗ ನಮ್ಮ ಸೋದರಮಾವ ನಮ್ಮ ಮನೆಯ ತೊಲೆಗೆ ಬೆರಳು ಮಡಿಸಿ ಟಕ್ ಟಕ್ ಎಂದು ಬಡಿದರು, ನಾನು ಮುಜುಗರಪಟ್ಟು ಕೈಗಡಿಯಾರ ನೋಡಿಕೊಂಡೆ. ಮುಜುಗರವಾದಾಗ ಗಡಿಯಾರ ನೋಡುವುದು ಓದಿದವರ ಚಾಳಿ.

ನಮ್ಮ ಮಾವ ದೇವರನ್ನೂ ಒಮ್ಮೆ ಬಡಿದು ನೋಡದೆ ಕೈ ಮುಗಿದವರಲ್ಲ! ಉತ್ಪ್ರೇಕ್ಷೆ ಅಂದುಕೊಂಡಿರಾ? ಬಸವಣ್ಣನ ಗುಡಿಯಲ್ಲಿ ಕಲ್ಲುಬಸವನ ಬೆನ್ನಿಗೆ ಬೆರಳಲ್ಲಿ ಬಡಿದು, ಕಿವಿಗೊಟ್ಟು, 'ಗಟ್ಟಿ ಐತೆ' ಎಂದು ಒಪ್ಪಿಕೊಂಡ ಮೇಲೆಯೇ ವಿಭೂತಿ ಹಚ್ಚಿಕೊಂಡದ್ದನ್ನು ನಾನೇ ಕಂಡಿದ್ದೇನೆ.

ಇದಕ್ಕೆಲ್ಲ ಕಾರಣ ತೆಂಗಿನಕಾಯಿ. ನಮ್ಮ ತಿಪಟೂರು ಸೀಮೆಯಲ್ಲಿ ಕಾಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಅದರ ತಂಟೆಗೆ ಹೋಗುವುದಿಲ್ಲ. ಆಮೇಲೆ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಗುಳುಗುಳು ಅಂದರೆ ಇನ್ನೂ ನೀರಿದೆ, ಮೇಲೇ ಇರಲಿ. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಲೊಟಲೊಟ ಎಂದು ಉರುಳಿದರೆ ಅದು ಗಿಟುಕು, ಇಳಿಸಬಹುದು. ಉಳಿದವರು ಇದನ್ನು ಕಾಯಿಗೆ ಮಾತ್ರ ಮಾಡುತ್ತಾರೆ. ಮಾವ ಸಕಲ ಸೃಷ್ಟಿಗೂ ಮಾಡುತ್ತಿದ್ದರು. ಅಕ್ಕನಿಗೆ ಗಂಡು ನೋಡಲು ಹೋದಾಗ ಅವರ ಮನೆಯ ಕಂಬಗಳನ್ನೆಲ್ಲ ಬಡಿದು ಬಂದು, 'ಹುಡುಗ ಹೆಂಗೋ ಕಾಣೆ, ಮನೆ ಬೀಳಾಕಿಲ್ಲ' ಎಂದು ವರದಿ ಕೊಟ್ಟರು. ನಾನು ಎಸ್ಸೆಸ್ಸೆಲ್ಸಿ ಪಾಸಾದ ದಿನ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿ ಹತ್ತಿರ ತಂದು ಅಲ್ಲಾಡಿಸಿ, 'ಇನ್ನೂ ನೀರೈತೆ, ಓದ್ಲಿ ಬುಡು' ಅಂದರು. ನಾನು ಬಿ.ಎಸ್ಸಿ. ಮಾಡಿದ್ದು ಹೀಗೆ.

ಇನ್ನು ಆ ಬೀದಿಯ ವಿಚಾರ. ಅದು ಕಾಲೇಜಿನ ಹಿಂದಿನ ಬೀದಿ. ಒಂದು ಕಾಲಕ್ಕೆ ಅಲ್ಲಿ ಮನೆಗೊಂದು ಕೋಣೆಯಲ್ಲಿ ಹುಡುಗರು ಬಾಡಿಗೆಗಿದ್ದರು. ಇಡ್ಲಿ ಹೋಟೆಲು, ಸೈಕಲ್ ಶಾಪು, ಸಾಯಂಕಾಲವಾದರೆ ಜಗಲಿಗಳ ಮೇಲೆ ಹರಟೆ. ಆಮೇಲೆ ಹಳ್ಳಿಹಳ್ಳಿಗೂ ಬಸ್ಸು ಬಂತು. ಬಿಳಿಗೆರೆಯ ಹುಡುಗ ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗಿ ಉಣ್ಣತೊಡಗಿದ. ಕೋಣೆಗಳು ಖಾಲಿಯಾದವು, ಹೋಟೆಲು ಮುಚ್ಚಿತು. ಮನೆಯವರು ಅಟ್ಟಕ್ಕೆ ಕಾಯಿ ತುಂಬಿ, ಕೆಳಗೆ ಹುಲ್ಲು ತುಂಬಿ, ಬೀಗ ಜಡಿದರು. ನಮ್ಮ ತಂದೆಯ ಕಡೆಯ ಮನೆಯೊಂದು ಬೀದಿಯ ಕೊನೆಯಲ್ಲಿ ಹಾಗೇ ಬಿದ್ದಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ಮಾವ ಈ ಬೀದಿಗೆ ಮತ್ತೆ ಜೀವ ತರುತ್ತೇನೆಂದು ಹೊರಟರು. ಅವರ ಮನೆಯೂ ಅಲ್ಲೇ ಇತ್ತು. ಹುಡುಗರ ಗಲಾಟೆಯಿಲ್ಲದೆ ಅವರಿಗೆ ಊಟ ಸೇರುತ್ತಿರಲಿಲ್ಲವಂತೆ. ಮೊದಲು ಎಲ್ಲ ಮನೆಗಳ ಮುಂಗೋಡೆಗೂ ಒಂದೇ ಬಣ್ಣ ಬಳಿಸಿದರು. ಯಾವ ಬಣ್ಣ? ಸುಣ್ಣದ ಮೇಲೆ ಕೆಮ್ಮಣ್ಣಿನ ಪಟ್ಟೆ! ಗುಡಿಗೆ ಬಳಿದು ಮಿಕ್ಕದ್ದು. ಒಂದು ತಿಂಗಳು ಹೊರಗಿನ ಜನ ಆ ಬೀದಿಗೆ ಬಂದರೆ ಚಪ್ಪಲಿ ಬಿಟ್ಟು ನಡೆಯುತ್ತಿದ್ದರು. ಒಬ್ಬ ಮುದುಕಿಯಂತೂ ಸೈಕಲ್ ಶಾಪಿನ ಮುಂದೆ ಕಾಯಿ ಒಡೆದು ಹೋದಳು.

ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಪಿಯುಸಿ ಹುಡುಗರನ್ನು ಹಿಡಿಯತೊಡಗಿದರು. ಫುಟ್‌ಬೋರ್ಡಿನಲ್ಲಿ ಜೋತು ಬಂದವನ ಭುಜ ತಟ್ಟಿ, ಹಿಂಗೆ ನೇತಾಡಿಕೊಂಡು ಬಂದರೆ ಓದಿದ್ದು ದಾರೀಲೇ ಉದುರುತ್ತದೆ, ನಮ್ಮ ಬೀದಿಗೆ ಬಾ, ಅಂತ. ನಾನು ಆಗ ಅದೇ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಡೆಮಾನ್ಸ್ಟ್ರೇಟರ್. ಬಸ್ ಸ್ಟ್ಯಾಂಡಿನಲ್ಲಿ ಮಾವ ಕಂಡರೆ ನಾನು ಪರಿಚಯವಿಲ್ಲದವನ ಹಾಗೆ ಹಣ್ಣಿನಂಗಡಿ ಕಡೆ ತಿರುಗುತ್ತಿದ್ದೆ. ಇದು ನನ್ನ ಮೊದಲ ನಾಚಿಕೆ, ಸಣ್ಣದು.

ವಿಚಿತ್ರವೆಂದರೆ ಬೀದಿ ಚಿಗುರಿತು. ಒಂದು ವರ್ಷದಲ್ಲಿ ಹತ್ತು ಮನೆಗಳ ಬೀಗ ತೆಗೆಯಿತು, ಇಡ್ಲಿಯ ಹಬೆ ಮತ್ತೆ ಎದ್ದಿತು. ನಾನೂ ನಮ್ಮ ಮನೆ ಗುಡಿಸಿ, ನಡುಮನೆಯನ್ನು ಮೂವರು ಹುಡುಗರಿಗೆ ಕೊಟ್ಟೆ. ಅಟ್ಟದ ಮೇಲೆ ಕಾಯಿ ಇತ್ತು. ಇದ್ದರೇನು, ನಮ್ಮ ಕಡೆ ಎಲ್ಲರೂ ಕಾಯಿಯ ಕೆಳಗೇ ಹುಟ್ಟಿ ಬೆಳೆದವರು.

ಆ ಭಾನುವಾರ ನನ್ನ ಜೊತೆ ಕಾಲೇಜಿನ ಇಬ್ಬರು ಮೇಷ್ಟ್ರುಗಳಿದ್ದರು, ಬೆಂಗಳೂರಿನ ಕಡೆಯವರು. ಮಾವ ಒಳಗೆ ಬಂದರು, ಸ್ಟೂಲು ಹತ್ತಿ ತೊಲೆ ಬಡಿದರು. ಮತ್ತೊಂದು ಕಡೆ ಬಡಿದರು. ಇಳಿದು ಬಂದು ನನಗೆ ಮಾತ್ರ ಕೇಳುವಂತೆ ಹೇಳಿದರು:

"ತೊಲೆ ಗಿಟುಕಾಗೈತೆ ಕಣ್ಲಾ. ಕಾಯಿ ಇಳಿಸು, ಇಲ್ಲಾ ಹುಡುಗ್ರನ್ನ ಇಳಿಸು."

ಕಾಯಿಗೆ ಇನ್ನೂ ಎರಡು ತಿಂಗಳು ಬೇಕಿತ್ತು. ಈಗ ಇಳಿಸಿದರೆ ಅಷ್ಟೂ ಕೊಬ್ಬರಿ ಕೊಳೆತು ಹೋಗುತ್ತದೆ. ಆದರೆ ನನ್ನನ್ನು ತಡೆದದ್ದು ಅದಲ್ಲ. ಮೇಷ್ಟ್ರುಗಳು ನಗುತ್ತಿದ್ದರು. ನಾನೂ ನಕ್ಕೆ. ಅನುರಣನ, ಕಂಪನಾಂಕ, ಶ್ರುತಿಕವೆ ಎಂದೆಲ್ಲ ಹೇಳಿ, ಮರದೊಳಗೆ ಕೊಬ್ಬರಿ ಇರುವುದಿಲ್ಲ ಮಾವ ಎಂದು ಎಲ್ಲರಿಗೂ ಕೇಳುವಂತೆ ಮುಗಿಸಿದೆ. ದೊಡ್ಡ ನಗೆ ಎದ್ದಿತು. ಮಾವ ಸ್ಟೂಲನ್ನು ಅದರ ಜಾಗದಲ್ಲಿಟ್ಟು ಹೋದರು. ಆಮೇಲೆ ಅರಳಗುಪ್ಪೆಯ ಹುಡುಗ, ಮೂವರಲ್ಲಿ ಚಿಕ್ಕವನು, ಬಂದು ಕೇಳಿದ: "ಸಾರ್, ಅಜ್ಜ ಹೇಳಿದ್ದು ನಿಜವಾ?" ಅವರು ಕುಂಬಳಕಾಯಿಗೂ ಹಾಗೇ ಹೇಳುತ್ತಾರೆ, ನೀನು ಓದಿಕೋ ಅಂದೆ.

ಗುರುವಾರ ಮಧ್ಯಾಹ್ನ. ಪರೀಕ್ಷೆಗೆ ರಜೆ ಬಿಟ್ಟಿದ್ದರು. ಹುಡುಗರು ಉಂಡು ತೊಲೆಯ ಕೆಳಗೇ ಚಾಪೆ ಹಾಸಿ ಮಲಗಿದ್ದರು, ಎದೆಯ ಮೇಲೆ ಪುಸ್ತಕ. ನಾನು ಬಾಗಿಲ ಬಳಿ ಕೂತು ರೆಕಾರ್ಡ್ ತಿದ್ದುತ್ತಿದ್ದೆ. ತೊಲೆ ಗೋಡೆಗೆ ಸೇರುವ ಕಡೆಯಿಂದ ಸಣ್ಣಗೆ ಮಣ್ಣು ಉದುರುತ್ತಿತ್ತು. ನಾನು ಅದನ್ನು ನೋಡಿದ್ದೆ. ಇಲಿ ಅಂದುಕೊಂಡೆ. ಈಗಲೂ ಕಣ್ಣು ಮುಚ್ಚಿದರೆ ಬರುವುದು ಅದೇ: ಬಿಸಿಲಕೋಲಿನಲ್ಲಿ ನೂಲಿನಂತೆ ಇಳಿಯುವ ಕೆಂಪು ಮಣ್ಣು, ಅದರ ಕೆಳಗೆ ಮೂರು ತಲೆ.

ಮಾವ ಬೀದಿಯಲ್ಲಿ ಹೋಗುತ್ತಿದ್ದವರು ಹೊಸ್ತಿಲಲ್ಲಿ ನಿಂತರು. ಮಣ್ಣು ನೋಡಿದರು. ನನ್ನನ್ನು ನೋಡಿದರು. ಮತ್ತೆ ಬಡಿದು ನೋಡಲಿಲ್ಲ, ಗಿಟುಕು ಅನ್ನಲಿಲ್ಲ. ನಿಧಾನವಾಗಿ, ಯಾವುದೋ ಹಳೇ ಸುದ್ದಿ ಹೇಳುವಂತೆ ಅಂದರು: "ಹೆಣ್ಮಕ್ಕಳ ಕಾಲೇಜಿನ ಟೂರ್ ಬಸ್ಸು ಬೀದಿ ತುದೀಲಿ ಕೆಟ್ಟು ನಿಂತೈತೆ ಕಣ್ರಪ್ಪ. ತಳ್ಳಾಕೆ ಗಂಡಸ್ರೇ ಇಲ್ವಂತೆ."

ಬೆಂಕಿ ಬಿದ್ದಿದ್ದರೂ ಅಷ್ಟು ಬೇಗ ಮನೆ ಖಾಲಿಯಾಗುತ್ತಿರಲಿಲ್ಲ! ಇಬ್ಬರು ನನ್ನನ್ನು ದಾಟಿಕೊಂಡು ಹಾರಿದರು. ಹೇಳಲು ನಾಚಿಕೆ, ಅವರ ಹಿಂದೆ ನಾನೂ ಓಡಿದೆ. ಅರಳಗುಪ್ಪೆಯ ಹುಡುಗ ಹೊಸ್ತಿಲು ದಾಟಿದವನು ಬಾಚಣಿಗೆಗೆಂದು ಹಿಂದೆ ತಿರುಗಿದ. ಮಾವ ಅವನ ಬನಿಯನ್ ಬೆನ್ನಿನ ಕಡೆಯಿಂದ ಹಿಡಿದು ಎಳೆದರು. ಬನಿಯನ್ ಹರಿಯಿತು, ಹುಡುಗ ಬೀದಿಗೆ ಬಿದ್ದ. ಆಗ ಒಳಗೆ ಒಂದು ಸದ್ದು, ಯಾರೋ ದೊಡ್ಡದಾಗಿ ನಿಟ್ಟುಸಿರು ಬಿಟ್ಟ ಹಾಗೆ. ಆಮೇಲೆ ಅಟ್ಟ, ತೊಲೆ, ಹೆಂಚು, ಅಷ್ಟೂ ಕಾಯಿ ನಡುಮನೆಗೆ ಬಂದವು. ಕಾಯಿಗಳು ಬಾಗಿಲಿನಿಂದ ಉರುಳುರುಳಿ ಬಂದು ನಮ್ಮ ಕಾಲ ಬಳಿ ನಿಂತವು.

ಧೂಳು ಇಳಿದ ಮೇಲೆ ಮೊದಲು ಕೇಳಿದ ಮಾತು ಆ ಹುಡುಗನದು. "ಅಜ್ಜ, ಬಸ್ಸು?"

ಮುರಿದ ತೊಲೆಯನ್ನು ನೋಡಿದೆ. ಹೊರಗೆ ಒಂದು ಬೆರಳು ದಪ್ಪ ಮರ, ಒಳಗೆಲ್ಲ ಗೆದ್ದಲು ತಿಂದ ಪುಡಿ. ಚಿಪ್ಪು ಬೇರೆ, ತಿರುಳು ಬೇರೆ.

ಮಾರನೆಯ ದಿನ ಹುಡುಗನ ತಂದೆ ಅರಳಗುಪ್ಪೆಯಿಂದ ಎಳನೀರಿನ ಗೊನೆ ಹೊತ್ತು ಬಂದರು. ನಾನು ಬಾಯಿ ತೆರೆಯುವ ಮುಂಚೆ ಮಾವ ಶುರು ಮಾಡಿದರು. ನಮ್ಮ ಹುಡುಗ ಸೈನ್ಸು ಓದಿದವನು, ಸದ್ದು ಕೇಳಿ ಅವನೇ ಹೇಳಿದ, ಮಕ್ಕಳನ್ನು ಆಚೆ ಕರೆಯಿರಿ ಅಂತ. ಆ ತಂದೆ ನನ್ನ ಕೈಗಳನ್ನು ಕಣ್ಣಿಗೆ ಒತ್ತಿಕೊಂಡರು. ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಎಳನೀರನ್ನೂ ಕುಡಿದೆ.

ಅವರು ಹೋದ ಮೇಲೆ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

"ಗೊತ್ತಿದ್ದೂ ಸುಮ್ಕಿದ್ದ ಅಂದ್ರೆ ನಾಳೆ ಈ ಬೀದೀಲಿ ಮಕ್ಕಳನ್ನ ಯಾರು ಬಿಡ್ತಾರ್ಲಾ? ಹತ್ತು ಮನೇಲಿ ದೀಪ ಹತ್ತೈತೆ. ನಿನ್ನಿಂದ ಆರೋದು ಬ್ಯಾಡ."

"ಅದು ಸುಳ್ಳಲ್ವಾ ಮಾವ?"

"ಬಸ್ಸೂ ಸುಳ್ಳೇ."

ಅಂದಿನಿಂದ ನಿದ್ದೆ ಹೋಯಿತು. ರಾತ್ರಿ ನಾವಿದ್ದ ತೋಟದ ಮನೆಯ ಸುತ್ತ ಒಂದು ಕಾಯಿ ಉದುರಿದರೆ ಎದ್ದು ಕೂರುತ್ತಿದ್ದೆ. ತಿಪಟೂರಿನಲ್ಲಿ ಕಾಯಿ ಉದುರದ ರಾತ್ರಿ ಯಾವುದಿದೆ?

ಕೊನೆಗೆ ಒಂದು ಬೆಳಿಗ್ಗೆ ಸೀಮೆಸುಣ್ಣ ಹಿಡಿದು ಮಾವನ ಮನೆಗೆ ಹೋದೆ. ಬೀದಿಯ ಒಂದೊಂದು ಮನೆಯಲ್ಲೂ ಅವರು ತೊಲೆ ಬಡಿಯುವುದು, ನಾನು ಬಾಗಿಲ ಮೇಲೆ ಬರೆಯುವುದು. ಗಟ್ಟಿಗೆ 'ಗ', ಗಿಟುಕಿಗೆ 'ಗಿ'. ಜನಗಣತಿ ಬಂತೆಂದು ಒಬ್ಬಾಕೆ ಸತ್ತ ಗಂಡನ ಹೆಸರನ್ನೂ ಬರೆಸಿದಳು. ಆದರೆ ಮೊದಲ 'ಗಿ' ಮನೆಯ ಯಜಮಾನರು ಒಪ್ಪಲಿಲ್ಲ. ಕಾಯಿಗೆ ಇನ್ನೂ ಎರಡು ತಿಂಗಳು ಬೇಕು, ಇವರ ಬೆರಳು ನಂಬಿ ಇಳಿಸಲಾ ಎಂದು ನಕ್ಕರು. ಅದು ನನ್ನದೇ ನಗೆ. ಮಾವ ಹಿಂದಿನಿಂದ ನನ್ನ ಅಂಗಿ ಜಗ್ಗಿದರೂ ನಾನು ಹೇಳಿಬಿಟ್ಟೆ: "ನಮ್ಮ ತೊಲೆಗೂ ಇವರು ಹೇಳಿದ್ರು. ನಾನು ಕೇಳಲಿಲ್ಲ, ನಕ್ಕೆ. ಹುಡುಗರನ್ನ ಉಳಿಸಿದ್ದು ನಾನಲ್ಲ." ಅವರ ನಗೆ ನಿಂತಿತು. ಸಂಜೆಯೊಳಗೆ ಕಾಯಿ ಹಿತ್ತಿಲಿಗೆ ಇಳಿಯಿತು. ಉಳಿದ 'ಗಿ' ಮನೆಗಳಲ್ಲೂ ಅದನ್ನೇ ಹೇಳಿದೆ.

ಸುದ್ದಿ ಅರಳಗುಪ್ಪೆಗೆ ಹೋಗದೆ ಇರುತ್ತದೆಯೇ? ವಾರದೊಳಗೆ ಆ ತಂದೆ ಮತ್ತೆ ಬಂದರು. ಈ ಸಲ ಬರಿಗೈ. ಮನೆ ಬಿದ್ದಾಗಿನಿಂದ ಪಕ್ಕದ ಮನೆಯಲ್ಲಿದ್ದ ಮಗನ ಟ್ರಂಕು ಹೊರಲು ಬಂದಿದ್ದಾರೆ, ಇವತ್ತಿಗೆ ಬೀದಿ ಮುಗಿಯಿತು ಅಂದುಕೊಂಡೆ. ತಪ್ಪಾಯಿತು ಅಂದೆ. ಅವರು ಬಹಳ ಹೊತ್ತು ಬಾಗಿಲುಗಳ ಮೇಲಿನ ಅಕ್ಷರಗಳನ್ನೇ ನೋಡುತ್ತಿದ್ದರು.

"ಮಗ ಅವತ್ತೇ ಹೇಳ್ದ ಬುಡಿ ಸಾರ್. ಮನೆ ಬೀಳ್ತೈತೆ ಅಂತ ಗೊತ್ತಿದ್ದೋರು ಬಸ್ಸು ತಳ್ಳಾಕೆ ಓಡ್ತಾರಾ? ನೀವು ಯಾವಾಗ ಹೇಳ್ತೀರಾ ಅಂತ ಕಾಯ್ತಿದ್ದೆ." ಆಮೇಲೆ ಮಾವನ ಕಡೆ ತಿರುಗಿ ಕೇಳಿದರು, "'ಗ' ಅಂತ ಬರೆದಿರೋ ಮನೇಲಿ ನಮ್ಮ ಹುಡುಗಂಗೆ ಜಾಗ ಐತಾ?"

ಹುಡುಗ ಮಾವನ ಮನೆಗೇ ಹೋದ. ಬೀದಿಯಲ್ಲಿ ಒಂದು ದೀಪವೂ ಆರಲಿಲ್ಲ.

ಅವತ್ತು ಸಂಜೆ ಜಗಲಿಯ ಮೇಲೆ ಮಾವ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಯ ಹತ್ತಿರಕ್ಕೆ ಎಳೆದುಕೊಂಡರು. ಇಡ್ಲಿ ಹೋಟೆಲಿನವರೆಲ್ಲ ನೋಡುತ್ತಿದ್ದರು. ನಾನು ಗಡಿಯಾರ ನೋಡಿಕೊಳ್ಳಲಿಲ್ಲ. ಅವರು ಅಲ್ಲಾಡಿಸಿ ಕಿವಿಗೊಟ್ಟರು.

"ನೀರು ಇಂಗೈತೆ," ಅಂದರು. ನನ್ನ ತಲೆ ಬಿಟ್ಟು, "ನಾನೂ ಮಲಗಿಲ್ಲ ಕಣಪ್ಪ ಅವತ್ತಿಂದ. ಆ ಹುಡುಗನ ಬನಿಯನ್ ಕೈಗೆ ಸಿಗದೇ ಹೋಗಿದ್ರೆ ಅಂತ."

ಆ ರಾತ್ರಿ ಎಷ್ಟು ಕಾಯಿ ಉದುರಿದವೋ ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ಅರಳಗುಪ್ಪೆಯ ಹುಡುಗ ಬಾಗಿಲಲ್ಲಿ ನಿಂತಿದ್ದ. ಅತ್ತೆ ಕಳಿಸಿದ್ದರಂತೆ. ಕೋಳಿಗಿಂತ ಮೊದಲು ಏಳುವ ಅಜ್ಜ ಇವತ್ತು ಇನ್ನೂ ಎದ್ದಿಲ್ಲ, ಗೊರಕೆ ಹೊಡೆಯುತ್ತಿದ್ದಾರೆ, ಎಬ್ಬಿಸಲಾ ಎಂದು ಕೇಳಿಕೊಂಡು ಬಾ ಅಂದರಂತೆ.

ಬೇಡ, ಮಲಗಲಿ, ಅಂದೆ.